ಏಳನೇ ಡಬ್ಬಿಯ ಮುಚ್ಚಳ

ಭಾನುವಾರದ ಪತ್ರಿಕೆಯಲ್ಲಿ ‘ಕತ್ತರಿ’ ಅಂಕಣವು ನಲವತ್ತರ ದಶಕದ ಒಂದು ಸಿನಿಮಾವನ್ನು ಹೇಡಿ ಸಿನಿಮಾ ಎಂದು ಕರೆಯಿತು. ಅದನ್ನೇ ನಂಬಿ ಬುಧವಾರ ಚಿತ್ರಸಂಗ್ರಹಾಲಯದ ನಿರ್ದೇಶಕರು ಅದರ ಒಂಬತ್ತೂ ರೀಲು ಡಬ್ಬಿಗಳನ್ನು ಗುಜರಿ ಪಟ್ಟಿಗೆ ಸೇರಿಸಿ ಸಹಿ ಹಾಕಿದರು. ಆ ಸಿನಿಮಾಕ್ಕೆ ಬೇರೆ ಪ್ರತಿ ಇರಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ಪತ್ರಿಕಾ ಕಚೇರಿಯ ಮೂರು ಮಹಡಿ ಒಂದೇ ಉಸಿರಿಗೆ ಹತ್ತಿದಳು. ಅಂಕಣದ ಹಾಳೆಯನ್ನು ಒಂದು ಮೇಜಿನ ಮೇಲೆ ಬಡಿದಳು.

“ಕತ್ತರಿ ಅಂದ್ರೆ ನೀವೇನಾ?”

ಅವನು ತಲೆ ಎತ್ತಿದ. ಕಿವಿಯ ಮೇಲೆ ಪೆನ್ಸಿಲ್, ಕಣ್ಣಲ್ಲಿ ತುಂಟತನ. “ಹೌದು. ಹರಿತ ನೋಡೋಕೆ ಬಂದ್ರಾ?”

“ನೀವು ಕೊಂದ ಸಿನಿಮಾದ ಕಡೆಯವಳು ನಾನು!”

ಚಿತ್ರಸಂಗ್ರಹಾಲಯದಲ್ಲಿ ಹರಿದ ರೀಲುಗಳನ್ನು ಅಂಟಿಸುವುದು, ಶುಕ್ರವಾರ ಮಧ್ಯಾಹ್ನ ಅವನ್ನು ಪರದೆಗೆ ಬಿಡುವುದು ಅವಳ ಕೆಲಸ. ಅಲ್ಲಿ ಎಲ್ಲರೂ ಅವಳನ್ನು ಡಬ್ಬಿರಾಣಿ ಎಂದೇ ಕರೆಯುತ್ತಿದ್ದರು. ಶುಕ್ರವಾರಗಳಂದು ಸಿನಿಮಾ ನೋಡಲು ಬರುತ್ತಿದ್ದ ಇವನ ತಲೆಯ ಹಿಂಭಾಗವನ್ನು ಮೂರು ವರ್ಷದಿಂದ ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ನೋಡಿದ್ದಳು. ಅಷ್ಟೇ ನೋಡಿದ್ದಳು.

‘ತಲೆ ಮಾತ್ರ ಗೊತ್ತಿದ್ದ ಗಂಡಸಿಗೆ ಇಂಥ ಕಣ್ಣಿರಬಾರದಿತ್ತು...’ ಎಂದುಕೊಂಡು ಮನಸ್ಸನ್ನು ಗದರಿದಳು.

“ನಲವತ್ತರ ದಶಕದವರು ಹೆಣ್ಣಿಗೆ ಅಳೋಕೆ ಹತ್ತು ನಿಮಿಷ ಕೊಟ್ರು, ಯೋಚಿಸೋಕೆ ಅರ್ಧ ನಿಮಿಷ ಕೊಟ್ರು,” ಅಂದ ಅವನು. “ಈ ಸಿನಿಮಾ ಹಾಗಲ್ಲ ಅಂದುಕೊಂಡೆ. ಗಿರಣಿ ಕೂಲಿ ಹುಡುಗಿ ಧಣಿಗೆ ‘ಆಗಲ್ಲ’ ಅಂತಾಳೆ, ಬಾಗಿಲು ದಾಟ್ತಾಳೆ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ ಕಣ್ರೀ! ಆಮೇಲೆ? ಅದೇ ಹುಡುಗಿ ಅದೇ ಧಣಿ ಮುಂದೆ ಮಂಡಿಯೂರಿ ಕೆಲಸ ಬೇಡ್ತಾಳೆ. ಇದು ಹೇಡಿತನ ಅಲ್ವಾ?”

“ಏನಂದ್ರಿ? ಮಂಡಿಯೂರೋದು ಮೊದಲು! ಬಾಗಿಲು ದಾಟೋದು ಆಮೇಲೆ!”

“ನಾನು ನೋಡಿದ್ದು ಹಾಗಲ್ಲ.”

ಅವಳು ಮೇಜಿನ ಮೇಲಿನ ಹಾಳೆಯನ್ನು ಮತ್ತೆ ಓದಿದಳು.

ಅವನು ಆ ಸಿನಿಮಾ ನೋಡಿದ ಶುಕ್ರವಾರ ಅವಳು ರಜೆಯಲ್ಲಿದ್ದಳು. ಅಮ್ಮನ ಕಣ್ಣಿನ ಆಪರೇಷನ್. ಸಿನಿಮಾ ಓಡಿಸಿದವನು ಬದಲಿ ಆಪರೇಟರ್, ಮುಚ್ಚಳದ ಮೇಲಿನ ಅಂಕಿ ನೋಡಿಯೇ ರೀಲು ಹಾಕುವವನು. ಹಿಂದಿನ ದಿನ ಸಂಜೆ ಅವಸರದಲ್ಲಿ ಅವಳು ತುಕ್ಕು ಹಿಡಿದ ಮುಚ್ಚಳಗಳನ್ನೆಲ್ಲ ಉಜ್ಜಿ ತೊಳೆದು ಮತ್ತೆ ಮುಚ್ಚಿದ್ದಳು...

ಯಾವ ಮುಚ್ಚಳ ಯಾವ ಡಬ್ಬಿಗೆ?

ಸಂಗ್ರಹಾಲಯಕ್ಕೆ ಓಡಿದಳು. ಹಿಂದೆಯೇ ಅವನೂ ಬಂದ. ಏಳು ಎಂದು ಬರೆದಿದ್ದ ಮುಚ್ಚಳ ತೆಗೆದು, ರೀಲಿನ ತುದಿಯನ್ನು ಬೆಳಕಿಗೆ ಹಿಡಿದಳು. ಬಿಳಿ ಶಾಯಿಯಲ್ಲಿ ಸ್ಪಷ್ಟವಾಗಿತ್ತು... ಎಂಟು!

“ಮುಚ್ಚಳ ಅದಲು ಬದಲು ಮಾಡಿದ್ದು ನಾನು,” ಅಂದಳು. “ಬೈದಿದ್ದಕ್ಕೆ ಕ್ಷಮೆ ಇರಲಿ. ಒಂಬತ್ತನೇ ರೀಲಿನಲ್ಲಿ ಗಿರಣಿಯ ಹೆಂಗಸರೆಲ್ಲ ಆ ಹುಡುಗಿ ಹಿಂದೆ ನಡೀತಾರಲ್ಲ, ಅವರು ನಟಿಯರಲ್ಲ, ನಿಜವಾದ ಕೂಲಿಗಳು. ಮೂರನೇ ಸಾಲಿನಲ್ಲಿ ನಮ್ಮಜ್ಜಿ ಇದ್ದಾಳೆ. ಅವಳದು ಬೇರೆ ಒಂದು ಫೋಟೋನೂ ಇಲ್ಲ. ಹದಿನಾಲ್ಕು ತಿಂಗಳು ಈ ರೀಲು ಅಂಟಿಸಿದೆ. ಕೊನೆಗೆ ನಾನೇ...”

ಅವನು ರೀಲನ್ನು ಜೋಪಾನವಾಗಿ ಡಬ್ಬಿಗೆ ಇಟ್ಟ.

“ನಾಳೆ ಹನ್ನೊಂದಕ್ಕೆ ಸರಿಯಾದ ಕ್ರಮದಲ್ಲಿ ತೋರಿಸ್ತೀರಾ?”

“ಹನ್ನೆರಡಕ್ಕೆ ಗುಜರಿ ಲಾರಿ ಬರುತ್ತೆ.”

“ಲಾರಿನೂ ಒಂದು ಸಿನಿಮಾ ನೋಡಲಿ ಬಿಡಿ!”

ಆ ವಾರದಲ್ಲಿ ಮೊದಲ ಸಲ ಅವಳು ನಕ್ಕಳು. ಅವನು ಥಟ್ಟನೆ ಅವಳನ್ನೇ ನೋಡಿದ... ಎಲ್ಲೋ ಕೇಳಿದ ದನಿಯನ್ನು ಗುರುತಿಸಿದವನಂತೆ.

ಮರುದಿನ ಅವನು ಕೆಳಗೆ ಕುರ್ಚಿಯಲ್ಲಿ ಕೂರಲಿಲ್ಲ. ಪ್ರೊಜೆಕ್ಟರ್ ಕೋಣೆಗೇ ಬಂದು, ಕಿಂಡಿಯ ಪಕ್ಕ ಸ್ಟೂಲು ಎಳೆದುಕೊಂಡ. ಎಂಟನೇ ರೀಲಿನಲ್ಲಿ, ಮಂಡಿಯೂರಿ ಎದ್ದ ಹುಡುಗಿ ‘ಆಗಲ್ಲ’ ಅಂದಾಗ ಅವನ ಕೆನ್ನೆ ಒದ್ದೆಯಾಗಿತ್ತು.

“ಎಂಥ ಸಿನಿಮಾ! ನಾನೊಬ್ಬ ಮೂರ್ಖ,” ಅಂದು ಜೇಬಿನಿಂದ ಹಾಳೆ ತೆಗೆದ. “ಭಾನುವಾರದ ಅಂಕಣ. ಓದಿ.”

ಓದಿದಳು. ‘ನನ್ನ ತೀರ್ಪು ತಪ್ಪು. ಬಾಗಿಲು ದಾಟಿದವಳು ತಿರುಗಿ ಬರಲಿಲ್ಲ. ತಿರುಗಿ ತಂದವನು ನಾನು.’ ಮುಚ್ಚಳದ ಮಾತೇ ಇಲ್ಲ.

“ನನ್ನ ತಪ್ಪನ್ನು ಬಿಟ್ಟಿದ್ದೀರಿ.”

“ಬರೆದರೆ ನಿಮ್ಮ ಕೆಲಸ ಹೋಗುತ್ತೆ.”

“ಹೋಗಲಿ! ನನ್ನ ತಪ್ಪನ್ನು ಹೊರೋಕೆ ನನಗೇ ಹೆಗಲಿದೆ. ದಯೆ ಬೇಡ.”

“ದಯೆ ಅಲ್ಲ ಇದು...” ಕತ್ತರಿಯ ನಾಲಿಗೆ ಮೊಂಡಾಯಿತು. “ಮೂರು ವರ್ಷ ಈ ಕಿಂಡಿಯಿಂದ ಒಂದು ನಗು ಬರ್ತಿತ್ತು. ಅದು ಬಂದ ಕಡೆಯೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಗೀಟು ಹಾಕ್ಕೊಂಡು, ‘ಈ ದೃಶ್ಯ ಜೀವಂತ’ ಅಂತ ಬರೀತಿದ್ದೆ. ಊರೆಲ್ಲ ಹೊಗಳೋ ನನ್ನ ಅಭಿಪ್ರಾಯದಲ್ಲಿ ಅರ್ಧ ನಿಮ್ಮದು. ಆ ಶುಕ್ರವಾರ ನಗು ಬರಲಿಲ್ಲ. ಸಿನಿಮಾನೇ ಸತ್ತಿದೆ ಅಂದುಕೊಂಡೆ. ನೀವಿಲ್ಲ ಅಂತ ಹೊಳೀಲೇ ಇಲ್ಲ.”

ಅವಳ ಎದೆ ಪ್ರೊಜೆಕ್ಟರಿಗಿಂತ ಜೋರಾಗಿ ಓಡಿತು. ಇವನ ಅಂಕಣಗಳನ್ನೆಲ್ಲ ಕತ್ತರಿಸಿ, ಖಾಲಿ ಡಬ್ಬಿಯೊಂದರಲ್ಲಿ ಜೋಪಾನ ಮಾಡಿದ್ದನ್ನು ಈಗ ಇವನಿಗೆ ಹೇಗೆ ಹೇಳೋದು!

“ನನ್ನ ತಪ್ಪೂ ಸೇರಿಸಿ ಬರೀರಿ,” ಅಂದಳು ಮೆಲ್ಲಗೆ. “ಆಮೇಲೆ ನಿಮಗೊಂದು ಡಬ್ಬಿ ತೋರಿಸ್ತೀನಿ. ಅದರ ಮುಚ್ಚಳ ಮಾತ್ರ ಯಾವತ್ತೂ ಬದಲಾಗಿಲ್ಲ.”

“ಬದಲಾಗೋದು ಬೇಡ,” ಅಂದ ಅವನು. ಅವಳ ಅಂಟು ಮೆತ್ತಿದ ಬೆರಳುಗಳನ್ನು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

ಹೊರಗೆ ಲಾರಿ ಹಾರ್ನ್ ಹಾಕಿತು. ಬಾಗಿಲು ಧಡಾರೆಂದು ತೆರೆಯಿತು. ನಿರ್ದೇಶಕರು!

“ಏನಮ್ಮಾ ಇದು? ಪಟ್ಟಿಗೆ ಸಹಿ ಆಗಿದೆ. ಪ್ರೊಜೆಕ್ಟರ್ ಆಫ್ ಮಾಡು, ಡಬ್ಬಿಗಳನ್ನು ಕೆಳಗೆ ಕಳಿಸು. ಈಗಲೇ!”

ಅವನು ಕಿಂಡಿಯತ್ತ ಬಾಗಿ ಪಿಸುಗುಟ್ಟಿದ, “ಅಜ್ಜಿಯನ್ನ ಪರಿಚಯ ಮಾಡಿಸಲ್ವಾ?”

“ಮೂರನೇ ಸಾಲು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡವಳು,” ಅಂದಳು.

ಒಂಬತ್ತನೇ ರೀಲನ್ನು ಎತ್ತಿ ಯಂತ್ರಕ್ಕೆ ಕೂರಿಸಿ, ಗುಂಡಿಯ ಮೇಲೆ ಕೈಯಿಟ್ಟು ಅವಳು ನಿರ್ದೇಶಕರ ಕಡೆ ತಿರುಗಿದಳು.

“ಆಗಲ್ಲ ಸಾರ್. ಇನ್ನೂ ಒಂದು ರೀಲಿದೆ.”