ದೀಪಕ್ಕೆ ಬೀಸಿದ ಕೈ

ಗಾಜಿನ ಗೋಡೆಯಾಚೆ ಅವಳು ಕೈ ಬೀಸಿದಳು. ಕಾರಿಡಾರಿನಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ ಸುಮೇಧ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ತಾನೂ ಕೈ ಬೀಸಿದ.

ಅವಳು ಬಾಗಿಲು ತೆರೆದಳು. "ಸಾರ್, ಟಾಟಾ ಮಾಡಿದ್ದು ನಿಮಗಲ್ಲ. ನಿಮ್ಮ ಲೈಟಿಗೆ."

ಜರಗನಹಳ್ಳಿಯ ಆ ಪ್ರಕಾಶನ ಕಚೇರಿಯಲ್ಲಿ ಕರೆಂಟ್ ಉಳಿಸಲು ಪ್ರತಿ ಮೇಜಿನ ನೆತ್ತಿಗೂ ವೈರ್‌ಲೆಸ್ ಸೆನ್ಸರ್ ಕೂರಿಸಿದವನು ಅವನೇ. ಅಲುಗಾಟ ಕಂಡರೆ ದೀಪ ಉರಿಯುತ್ತದೆ, ಇಲ್ಲದಿದ್ದರೆ ಆರುತ್ತದೆ. ಶಿಲ್ಪಶ್ರೀ ಪಠ್ಯಪುಸ್ತಕಗಳ ಕರಡು ತಿದ್ದುವವಳು. ಓದಲು ಕುಳಿತರೆ ಕಣ್ಣು ಬಿಟ್ಟು ಬೇರೇನೂ ಅಲುಗುತ್ತಿರಲಿಲ್ಲ.

"ಕತ್ತಲಲ್ಲಿ ತಪ್ಪು ಉಳಿದ್ರೆ ನನ್ ಕೆಲಸ ಹೋಗುತ್ತೆ. ಮನೇಲಿ ದುಡಿಯೋಳು ನಾನೊಬ್ಳೇ."

"ನಾಳೆ ಸರಿ ಮಾಡ್ತೀನಿ ಮೇಡಂ."

"ಸರ್ಕಾರಿ ನಾಳೆನಾ?" ಹುಬ್ಬೇರಿಸಿ ನಕ್ಕಳು.

ಸೆಟ್ಟಿಂಗ್ ಬದಲಿಸುವುದು ಕ್ಷಣದ ಕೆಲಸ. ಸುಮೇಧ ಬದಲಿಸಲಿಲ್ಲ. ದೀಪ ಆರಿದಾಗ ಪುಟದಿಂದ ಕಣ್ಣೆತ್ತದೆ ಅವಳು ಕೈ ಎತ್ತುತ್ತಿದ್ದಳು. ಬಳೆ ಮೊಣಕೈಯತ್ತ ಜಾರುತ್ತಿತ್ತು. ಆಮೇಲೆ ಗಾಜಿನಾಚೆಗೊಂದು ಓರೆನೋಟ. ಅದಕ್ಕಾಗಿ ಅವನು ನೆಪ ಹುಡುಕಿಕೊಂಡು ಬರುತ್ತಿದ್ದ.

ತಿಂಗಳ ಕೊನೆಗೆ ಮ್ಯಾನೇಜರ್ ಗುರುಶಾಂತಪ್ಪ ಕರೆದು ಕಂಪ್ಯೂಟರ್ ಪರದೆಯಲ್ಲಿ ಸೆನ್ಸರ್‌ಗಳ ದಾಖಲೆ ತೋರಿಸಿದರು.

"ಕರೆಂಟ್ ಉಳೀತು, ಸಖತ್. ಯಾರ್ ಸೀಟಲ್ಲಿರಲ್ಲ ಅಂತಾನೂ ಗೊತ್ತಾಯ್ತು. ಶಿಲ್ಪಶ್ರೀದು ನೋಡಿ, ಮುಕ್ಕಾಲು ದಿನ ಖಾಲಿ. ತೆಗೆದುಬಿಟ್ವಿ."

ಸುಮೇಧ ಪರದೆಯತ್ತ ಬಾಗಿದ. "ಅವ್ರು ಅಲ್ಲೇ ಇದ್ರು ಸಾರ್. ಅಲುಗದೇ ಇದ್ರೆ ಸೆನ್ಸರಿಗೆ ಕಾಣಲ್ಲ. ತಪ್ಪು ನಂದು, ಬರೆದು ಕೊಡ್ತೀನಿ."

"ಕೊಡಿ, ಫೈಲಿಗೆ ಹಾಕೋಣ. ಆ ಪೋಸ್ಟೇ ಬೇಡ ಅಂತ ಓನರ್ ಸೈನ್ ಮಾಡಾಯ್ತು."

ಶಿಲ್ಪಶ್ರೀ ಮೇಜಿನ ಬಳಿ ಚೀಲ ತುಂಬುತ್ತಿದ್ದಳು. ಸುಮೇಧ ನಡೆದದ್ದನ್ನು ಹೇಳಿದ.

"ಸರಿ ಮಾಡ್ಬೋದಿತ್ತಾ?"

"ಮಾಡ್ಬೋದಿತ್ತು."

"ಯಾಕೆ ಮಾಡ್ಲಿಲ್ಲ?"

"ನೀವು ಕೈ ಬೀಸೋದು ನಿಂತ್ಹೋಗುತ್ತೆ ಅಂತ."

ಅವಳು ಅಲುಗದೆ ನಿಂತಳು. ಅವನೂ. ದೀಪ ಆರಿತು. ಯಾರೂ ಕೈ ಎತ್ತಲಿಲ್ಲ.

"ಲೈಟ್ ಉರೀತಿದ್ದಾಗ್ಲೂ ಎಷ್ಟೋ ಸಲ ಬೀಸಿದೀನಿ, ಸುಮೇಧ," ಎಂದಳು ಮಬ್ಬಿನಲ್ಲಿ. "ಅದನ್ನೂ ಲೈಟಿಗೇ ಅಂದ್ಕೊಂಡ್ರಿ."

ಅವಳು ಚೀಲ ಎತ್ತಿಕೊಂಡಳು. ದೀಪ ಹೊತ್ತಿತು.

ಕನಕಪುರ ರಸ್ತೆಯ ಸ್ಟಾಪಿನವರೆಗೆ ಅವನು ಹಿಂದೆಯೇ ನಡೆದ. ಅವಳು ಬನಶಂಕರಿ ಬಸ್ ಹತ್ತಿ ಕಿಟಕಿಯ ಪಕ್ಕ ಕುಳಿತಳು. ಅವನು ಕೈ ಬೀಸಿದ. ಬಸ್ ಹೊರಟ ಮೇಲೂ ಬೀಸುತ್ತಲೇ ಇದ್ದ.

ಅವಳು ಅವನನ್ನೇ ನೋಡುತ್ತಿದ್ದಳು. ಎರಡೂ ಕೈ ಚೀಲದ ಮೇಲೆಯೇ ಇದ್ದವು.