ಜಾಮೀನು ನಿಂತವನು

ಕಳ್ಳನ ವರ್ಣನೆ ಬರೆಯಿರಿ ಎಂದು ರಾಫೆಲ್ ಸರ್ ಹೇಳಿದಾಗ ಇಡೀ ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಬರೆದವಳು ಡೈನಾ.

ಗಲ್ಫಿನ ಮನಾಮ ನಗರದ ಆ ಕಮ್ಯೂನಿಟಿ ಕಾಲೇಜಿನಲ್ಲಿ ಕ್ರಿಮಿನಲ್ ಜಸ್ಟಿಸ್ ಕೋರ್ಸಿನ ಮೊದಲ ವಾರ ಅದು. ಎರಡು ವರ್ಷ ಇಲ್ಲಿ ಓದಿ, ಉಳಿದ ಎರಡು ವರ್ಷಕ್ಕೆ ಕೆನಡಾದ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಬೇಕು. ಪಾಠದ ನಡುವೆ ಯಾರೋ ನುಗ್ಗಿ ಬಂದು ಮೇಜಿನ ಮೇಲಿದ್ದ ಬ್ಯಾಗನ್ನು ಎತ್ತಿಕೊಂಡು ಓಡಿದ. ಕಣ್ಣಾರೆ ಕಂಡವರು ಎಷ್ಟು ತಪ್ಪಾಗಿ ಕಾಣುತ್ತಾರೆಂದು ತೋರಿಸಲು ಸರ್ ಮಾಡಿಸಿದ ನಾಟಕವದು.

"ಗುಂಗುರು ಕೂದಲು," ಎಂದು ಸರ್ ಡೈನಾಳ ಹಾಳೆಯನ್ನು ಗಟ್ಟಿಯಾಗಿ ಓದಿದರು. "ಎಡಗಿವಿಯ ಕೆಳಗೆ ಮಚ್ಚೆ. ಉದ್ದ ರೆಪ್ಪೆ. ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ."

ಬ್ಯಾಗು ಕದ್ದವನು ಕಾಲೇಜಿನ ಬೋಳುತಲೆಯ ವಾಚ್‌ಮನ್. ಅದೇ ಹೊತ್ತಿಗೆ ತಡವಾಗಿ ಬಂದು, ಸಾರಿ ಎಂಬಂತೆ ನಕ್ಕು ಬಾಗಿಲಲ್ಲಿ ನಿಂತಿದ್ದವನು ಕುಶಲ. ಕ್ಲಾಸೇ ಅವನ ಕಡೆ ತಿರುಗಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಕುಶಲ ಮಾತ್ರ ಕಿವಿ ಮುಟ್ಟಿ ನೋಡಿಕೊಂಡ. ಡೈನಾಳಿಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು.

ಕ್ಲಾಸ್ ಮುಗಿದ ಮೇಲೆ ಅವನು ಕಾರಿಡಾರಿನಲ್ಲಿ ಅಡ್ಡ ನಿಂತ. "ನನ್ನ ಬ್ಯಾಗಲ್ಲಿ ನೀರುದೋಸೆ ಮಾತ್ರ ಇರುದು. ಬೇಕಾದ್ರೆ ಚೆಕ್ ಮಾಡಿ ಮೇಡಂ."

"ನೀರುದೋಸೆಯಾ? ಮಂಗಳೂರಾ ನೀನು?"

"ಉಡುಪಿ. ಹುಟ್ಟಿದ್ದು ಇಲ್ಲೇ." ಗುಳಿ ಬಿತ್ತು. "ಮಚ್ಚೆ ಎಡಗಿವಿಯ ಕೆಳಗಲ್ಲ, ಬಲಗಿವಿಯ ಕೆಳಗೆ. ಇನ್ನೊಮ್ಮೆ ಸರಿಯಾಗಿ ನೋಡಿ ಬರೀಬೇಕು."

ಡೈನಾ ನೋಡಿದಳು. ಎರಡು ವರ್ಷ ನೋಡುತ್ತಲೇ ಇದ್ದಳು. ಲೈಬ್ರರಿಯಲ್ಲಿ ಪುಸ್ತಕದ ಮೇಲಂಚಿನಿಂದ, ಬಸ್ಸಿನ ಗಾಜಿನಲ್ಲಿ, ಪರೀಕ್ಷೆಯ ಹಾಲಿನಲ್ಲಿ ಮೂರು ಬೆಂಚು ದಾಟಿ. ಅವನೂ ನೋಡುತ್ತಿದ್ದ, ಸಿಕ್ಕಿಬಿದ್ದಾಗ ಪೆನ್ನಿನ ಕ್ಯಾಪನ್ನು ಕಚ್ಚಿ, ಏನೋ ದೊಡ್ಡ ಕಾನೂನು ನೆನಪಿಸಿಕೊಳ್ಳುವವನ ಹಾಗೆ ಸೀಲಿಂಗ್ ನೋಡುತ್ತಿದ್ದ.

ಡೈನಾಳದು ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆ. ಅಮ್ಮ ಎವ್ಲಿನ್ ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್. ಕುಶಲನದು ತುಳು ಮಾತಾಡುವ ಹಿಂದೂ ಮನೆ. ಅಪ್ಪನಿಗೆ ದಿನಸಿ ಮಾರುವ ಕೋಲ್ಡ್ ಸ್ಟೋರ್‌ನಲ್ಲಿ ಮ್ಯಾನೇಜರ್ ಕೆಲಸ, ಅಮ್ಮ ಉಷಾಲತಾ ಮಗನ ಜಾತಕವನ್ನು ಆಗಲೇ ಊರಿಗೆ ಕಳಿಸಿದವರು.

"ಮನೆಯಲ್ಲಿ ಯಾವಾಗ ಹೇಳುದು ಮಾರಾಯ?"

"ಕೆನಡಾಕ್ಕೆ ಹೋಗಿ ಹೇಳುವ. ಅಲ್ಲಿಗೆ ಬೈಗುಳ ಬರ್ಲಿಕ್ಕೂ ವೀಸಾ ಬೇಕು."

ಇಬ್ಬರಿಗೂ ಒಂದೇ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಅಷ್ಟು ಸುಖವನ್ನು ಯಾರ ಮುಂದೆಯೂ ಹೇಳಿಕೊಳ್ಳದೆ ಇಟ್ಟುಕೊಳ್ಳುವುದು ಸುಲಭವಲ್ಲ. ಅವರು ಹೇಳಿಕೊಂಡದ್ದು ಒಬ್ಬನೇ ಒಬ್ಬನಿಗೆ, ರಮೀಝನಿಗೆ.

ಹೂರಾ ಬಡಾವಣೆಯಲ್ಲಿ ಡೈನಾಳ ಕಟ್ಟಡದ ಕೆಳಗಿದ್ದ ಕೆಫೆಟೇರಿಯಾದಲ್ಲಿ ಚಹಾ ಮಾಡುತ್ತ, ಮನೆಮನೆಗೆ ಪಾರ್ಸೆಲ್ ಕೊಡುತ್ತ ಇದ್ದ ಉಳ್ಳಾಲದ ಹುಡುಗ ರಮೀಝ್. ಇವರಿಬ್ಬರಿಗೆ ಮೂಲೆಯ ಮೇಜು ಕೊಟ್ಟು, ಎವ್ಲಿನ್ ಡ್ಯೂಟಿ ಮುಗಿಸಿ ಬರುವುದು ಕಂಡರೆ ಅಡುಗೆಮನೆಯಿಂದ ಚಮಚ ಬಡಿಯುತ್ತಿದ್ದ.

ಮೇ ತಿಂಗಳಲ್ಲಿ ಅವನನ್ನು ಪೊಲೀಸರು ಹಿಡಿದರು. ಪಾರ್ಸೆಲ್ ಕೊಡಲು ಹೋದ ಒಂದು ಮನೆಯಲ್ಲಿ ವಾಚು ಕಾಣೆಯಾಗಿತ್ತು. "ನಾನು ಬಾಗಿಲು ದಾಟ್ಲೇ ಇಲ್ಲ ಕುಶಲ್ ಭಾಯ್," ಎಂದು ಠಾಣೆಯಲ್ಲಿ ಅತ್ತ. ಕೇಸು ನಡೆಯುವ ತನಕ ಹೊರಗೆ ಬಿಡಬೇಕಾದರೆ ಯಾರಾದರೂ ಪಾಸ್‌ಪೋರ್ಟ್ ಇಟ್ಟು ಜಾಮೀನು ನಿಲ್ಲಬೇಕಿತ್ತು. ಅವನ ಮಾಲೀಕ ಫೋನೇ ಎತ್ತಲಿಲ್ಲ.

ಕುಶಲ, ಡೈನಾ ಇಬ್ಬರೂ ತಮ್ಮ ತಮ್ಮ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟರು. ಕುಶಲ ಅವಳದನ್ನು ಕಿರುಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದ. ಅವಳು ಮುಂದೆ ತಳ್ಳಿದಳು. ಅವನು ಕಣ್ಣಲ್ಲೇ ಬೇಡ ಎಂದ. ಆ ನೋಟಕ್ಕೆ ಡೈನಾ ಸೋತಳು, ಸೋತು ಹೆಮ್ಮೆಪಟ್ಟಳು. ನಿರ್ದೋಷಿಯನ್ನು ಬಿಡಿಸಿಕೊಂಡು ಬಂದೆವೆಂಬ ಸಂಭ್ರಮದಲ್ಲಿ ಅವತ್ತು ಇಬ್ಬರೂ ನೆಲದ ಮೇಲೆ ನಡೆಯಲಿಲ್ಲ.

ವಿಚಾರಣೆಯ ದಿನ ರಮೀಝ್ ಬರಲಿಲ್ಲ.

ಫೋನ್ ಸ್ವಿಚ್ ಆಫ್. ರೂಮ್ ಖಾಲಿ. ಅವನು ಸಿಗುವ ತನಕ ಕುಶಲ ದೇಶ ಬಿಡುವಂತಿಲ್ಲ ಎಂದರು. ಸೆಪ್ಟೆಂಬರಿಗೆ ಬರದಿದ್ದರೆ ಸೀಟು ಇಲ್ಲ ಎಂದು ಯೂನಿವರ್ಸಿಟಿ ಬರೆಯಿತು. ಡೈನಾ ರಮೀಝನನ್ನು ಶಪಿಸಿದಳು, ಹರಕೆ ಹೊತ್ತಳು, ಮತ್ತೆ ಶಪಿಸಿದಳು. ಕುಶಲ ಮಾತ್ರ ಶಪಿಸಲಿಲ್ಲ. ಬರಬರುತ್ತ ಅವನು ಮಾತೇ ಕಡಿಮೆ ಮಾಡಿದ. ಶುಕ್ರವಾರದ ಮಧ್ಯಾಹ್ನಗಳಲ್ಲಿ ಕಣ್ಣಿಗೇ ಬೀಳುತ್ತಿರಲಿಲ್ಲ. ಕೇಳಿದರೆ "ಸ್ವಲ್ಪ ಕೆಲಸ ಉಂಟು" ಎನ್ನುತ್ತಿದ್ದ.

ಹೆಣ್ಣಿನ ಮನಸ್ಸು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು. ಒಂದು ಶುಕ್ರವಾರ ತಲೆಗೆ ದುಪಟ್ಟಾ ಹೊದ್ದು, ಅವನು ಹತ್ತಿದ ಮುಹರ್ರಕ್ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಳು. ಹಳೆಯ ಗಲ್ಲಿಯೊಂದರಲ್ಲಿ ಅವನು ಟಿಫಿನ್ ಕ್ಯಾರಿಯರ್ ಹಿಡಿದು ಬಾಗಿಲು ತಟ್ಟಿದ. ಯಾವಳು ತೆರೆಯುತ್ತಾಳೋ ನೋಡಿಯೇ ಬಿಡುವೆ ಎಂದು ಡೈನಾ ಹಲ್ಲು ಕಚ್ಚಿ ನಿಂತಳು. ಬಾಗಿಲು ತೆರೆದವನು ರಮೀಝ್.

ಬೆನ್ನ ಹಿಂದಿನ ಉಸಿರಿಗೆ ಕುಶಲ ತಿರುಗಿದ. ಅವನ ಮುಖ ಸುಣ್ಣವಾಯಿತು.

"ಹುಡುಗಿಯಾಗಿದ್ರೆ ಒಳ್ಳೆದಿತ್ತು ಕುಶಲ," ಎಂದಳು ಡೈನಾ. "ಜಗಳವಾದ್ರೂ ಮಾಡ್ತಿದ್ದೆ."

ಕಡಲ ಬದಿಯ ಕಲ್ಲಿನ ಮೇಲೆ ಕೂತು ಅವನು ಎಲ್ಲ ಹೇಳಿದ. ರಮೀಝ್ ಓಡಿಹೋಗಬೇಕೆಂದು ಓಡಿದವನಲ್ಲ. ಅರಬಿ ಬಾರದ ತನ್ನನ್ನು ಯಾರು ನಂಬುತ್ತಾರೆಂದು ಒಂದು ದಿನ ಹೆದರಿದ. ಮರುದಿನಕ್ಕೆ ಆ ಹೆದರಿಕೆಯೇ ಅಪರಾಧವಾಗಿತ್ತು. ಕುಶಲ ಅವನನ್ನು ಹುಡುಕಿ ಬಂದದ್ದು ಹಿಡಿದುಕೊಡಲೆಂದೇ. ಆದರೆ ರಮೀಝ್ ಕಾಲು ಹಿಡಿದುಕೊಂಡ. ನಾಳೆ ಪೊಲೀಸರಿಗೆ ಹೇಳುವ ಎಂದು ಕುಶಲ ಅಂದುಕೊಂಡ. ನಾಳೆಗೆ ನಾಳೆ ಸೇರುತ್ತ ಹೋಯಿತು.

"ಈಗ್ಲೇ ಹೇಳುವ. ಬಾ ಹೋಗುವ."

"ಇಷ್ಟು ದಿನ ಊಟ ಕೊಟ್ಟದ್ದು ಯಾರು ಅಂತ ಕೇಳುದಿಲ್ವಾ? ಅಡಗಿಸಿದವನಿಗೂ ಶಿಕ್ಷೆ ಉಂಟು ಅಂತ ಬರ್ದು ಫಸ್ಟ್ ಬಂದದ್ದು ನೀನೇ ಅಲ್ವಾ?"

ಡೈನಾ ಲೆಕ್ಕ ಹಾಕಿದಳು. ಹೇಳಿದರೆ ಅವನು ಜೈಲಿಗೆ, ಹೇಳದಿದ್ದರೆ ಅವನು ಇಲ್ಲೇ. ಎರಡರಲ್ಲೂ ಕೆನಡಾಕ್ಕೆ ಹೋಗುವವಳು ಅವಳೊಬ್ಬಳೇ.

"ಅವನನ್ನು ಹಿಡಿದುಕೊಟ್ಟು ಬಂದ್ರೆ ನಿನ್ನ ಮುಖ ಹೇಗೆ ನೋಡ್ಲಿ ಅಂತ ಅನಿಸ್ತಿತ್ತು," ಎಂದ ಅವನು.

"ಈಗ ಯಾವ ಮುಖ ನೋಡ್ತೀಯಾ? ಫೋನಿನಲ್ಲಿ ಬರುವ ಮುಖವಾ?"

ಅವನು ಅವಳ ಅಂಗೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡ. ಆ ರೆಪ್ಪೆಗಳು ಒದ್ದೆಯಾಗಿದ್ದವು. ಎಂಥ ದಡ್ಡನನ್ನು ಪ್ರೀತಿಸಿದೆ ಎಂದು ಅವಳು ತನ್ನನ್ನೇ ಬೈದುಕೊಂಡಳು. ಇಂಥ ದಡ್ಡನಲ್ಲದಿದ್ದರೆ ಪ್ರೀತಿಸುತ್ತಿರಲಿಲ್ಲವೆಂದೂ ಗೊತ್ತಿತ್ತು.

ಹೊರಡುವ ಎರಡು ದಿನ ಮೊದಲು ಡೈನಾ ಒಬ್ಬಳೇ ಆ ಗಲ್ಲಿಗೆ ಹೋದಳು. ಬೈಯಲು ಹೋದವಳು ಹೊಸ್ತಿಲಲ್ಲಿ ಕೂತು ಅತ್ತುಬಿಟ್ಟಳು. "ಅವನು ಬರುದಿಲ್ಲ ರಮೀಝ್. ನಾನೊಬ್ಬಳೇ ಹೋಗುದು," ಎಂದಷ್ಟೇ ಹೇಳಿದಳು. ರಮೀಝ್ ಚಹಾ ಮಾಡಿ ಕೊಟ್ಟ.

ಅವಳು ವಿಮಾನ ಹತ್ತಬೇಕಿದ್ದ ದಿನ ಬೆಳಿಗ್ಗೆ ರಮೀಝ್ ತಾನಾಗಿಯೇ ಠಾಣೆಗೆ ಹೋದ. ತಾನು ಒಳಗೆ ಹೋದರೆ ಕುಶಲ ಹೊರಗೆ ಬರುತ್ತಾನೆ, ಇಬ್ಬರೂ ಒಟ್ಟಿಗೆ ಹಾರುತ್ತಾರೆ ಎಂಬುದು ಅವನ ಲೆಕ್ಕ. ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಿದಾಗ ಆ ಪುಣ್ಯಾತ್ಮ ಸತ್ಯವನ್ನೇ ಹೇಳಿದ. ಕುಶಲ್ ಭಾಯ್ ತನ್ನನ್ನು ತಮ್ಮನ ಹಾಗೆ ಸಾಕಿದರು, ಅಂಥ ಮನುಷ್ಯ ಈ ಊರಲ್ಲೇ ಇಲ್ಲ ಎಂದು ಹೊಗಳಿದ. ಮಧ್ಯಾಹ್ನದೊಳಗೆ ಕುಶಲನನ್ನು ಕರೆದುಕೊಂಡು ಹೋದರು.

ಕಾನೂನು ಓದಿದ ಡೈನಾ ಕುಶಲನ ಹೆಸರು ಹೇಳಬೇಡ ಎಂಬ ಒಂದು ಮಾತು ರಮೀಝನಿಗೆ ಹೇಳಿರಲಿಲ್ಲ. ಅವನು ಹೀಗೆ ಮಾಡಿಯಾನೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಅವಳು ಠಾಣೆಗೆ ಓಡಿ ಬಂದಾಗ ಉಷಾಲತಾ ಬೆಂಚಿನ ಮೇಲೆ ಕೂತಿದ್ದರು. ಮಗನ ಕಾಲೇಜಿನ ಗೆಳತಿ ಎಂದಷ್ಟೇ ಅವರಿಗೆ ಇವಳ ಪರಿಚಯ. ಉರ್ದು ಬರುವ ಪೊಲೀಸನೊಬ್ಬ ಹೊರಗೆ ಬಂದ. ಒಳಗಿರುವವನನ್ನು ನೋಡಲು ಮನೆಯವರಿಗೆ ಮಾತ್ರ ಅವಕಾಶ, ನೀನು ಯಾರು, ತಂಗಿಯಾ ಎಂದು ಡೈನಾಳನ್ನು ಕೇಳಿದ.

ಡೈನಾ ಉಷಾಲತಾರನ್ನು ನೋಡಿದಳು. ಆಮೇಲೆ ಪೊಲೀಸನನ್ನು ನೋಡಿ, "ಹೋನೇವಾಲಿ ಬೀವಿ," ಎಂದಳು.

ಎರಡು ವರ್ಷ ಬಚ್ಚಿಟ್ಟ ಮಾತು ಹೊರಬಿದ್ದದ್ದು ಹೀಗೆ. ಇನ್ನೂ ಹೆಂಡತಿಯಾಗದವಳು ಮನೆಯವಳಲ್ಲ ಎಂದು ಪೊಲೀಸ್ ತಲೆಯಾಡಿಸಿದ. ಹೇಳುವಾಗ ಅವನ ದನಿ ಒರಟಾಗಿರಲಿಲ್ಲ.

ಉಷಾಲತಾ ಬೆಂಚಿನಿಂದ ಎದ್ದರು. "ಇದನ್ನು ಹೇಳ್ಲಿಕ್ಕೆ ನಿಮಗೆ ಬೇರೆ ಜಾಗವೇ ಸಿಗ್ಲಿಲ್ವಾ ಮಗಾ?" ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಅವರು ಹೊರಗೆ ಬಂದಾಗ ಡೈನಾ ಎದ್ದು ನಿಂತಿದ್ದಳು.

"ಅವನು ಹೇಗಿದ್ದಾನೆ ಆಂಟಿ?"

"ಇದ್ದಾನೆ. ವಿಮಾನ ಎಷ್ಟು ಗಂಟೆಗೆ ಅಂತ ಕೇಳಿದ. ನೀನು ಹೋಗ್ಲೇಬೇಕಂತೆ. ಇಬ್ಬರದ್ದೂ ಹಾಳಾಗುದು ಬೇಡ ಅಂತ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡ."

"ನಾನು ಇಲ್ಲಿ ಹೇಳಿದ್ದನ್ನು ಅವನಿಗೆ ಹೇಳಿದ್ರಾ?"

"ಹೇಳಿದೆ."

"ಏನಂದ?"

ಉಷಾಲತಾ ಡೈನಾಳ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.

"ನಗಾಡಿದ. ಎಷ್ಟು ದಿನ ಆಗಿತ್ತು ಅವನು ನಗಾಡದೆ. ಆಮೇಲೆ ಗೋಡೆ ಕಡೆ ತಿರುಗಿ ಕೂತ, ನಾನು ಬರುವವರೆಗೆ ಈಚೆ ತಿರುಗ್ಲೇ ಇಲ್ಲ."

ಹೊರಗೆ ರಸ್ತೆಯಲ್ಲಿ ಎವ್ಲಿನ್ ಸೂಟ್‌ಕೇಸು ತುಂಬಿದ ಟ್ಯಾಕ್ಸಿಯ ಬಾಗಿಲು ತೆರೆದು ಕಾಯುತ್ತಿದ್ದರು. ಉಷಾಲತಾ ಅವಳನ್ನು ಅಲ್ಲಿಯವರೆಗೆ ಕೈ ಹಿಡಿದು ನಡೆಸಿಕೊಂಡು ಬಂದು, ತಾವೇ ಕೂರಿಸಿ, ಬಾಗಿಲು ಹಾಕಿದರು.