ಕೆಲೆರಾ ಕೊಟ್ಟ ದೂರು

"ನಿಲ್ಲಿ! ಆ ದಾರೀಲಿ ಹೋಗ್ಬೇಡಿ!"

ಬೆಚ್ಚಿಬಿದ್ದ ಕೆಲೆರಾಳ ಕೈಯಿಂದ ಪುಸ್ತಕಗಳು ಜಾರಿ ನೆಲಕ್ಕೆ ಬಿದ್ದವು. ಸುವಾ ನಗರದ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಇದು ಎರಡನೇ ವರ್ಷ. ಗ್ರಂಥಾಲಯದ ಹಿಂದಿನ ಈ ಕಾಲುದಾರಿ ಹಿಡಿದರೆ ಹಾಸ್ಟೆಲ್ ಐದೇ ನಿಮಿಷ. ಹಾಡಹಗಲಲ್ಲಿ ತಡೆಯುವುದಕ್ಕೆ ಇವನ್ಯಾರು?

ಕಾವಲುಗಾರರ ನೀಲಿ ಅಂಗಿ, ಸೊಂಟಕ್ಕೆ ಪಂಚೆಯಂತೆ ಸುತ್ತಿದ ಕಪ್ಪು ಸುಲು. ಎದೆಯ ಮೇಲೆ ಹೆಸರು... ಇಸಿಕೆಲಿ.

"ಯಾಕೆ ಹೋಗ್ಬಾರ್ದು?"

"ಇವತ್ತು ಬೇಡ ಮೇಡಂ. ದೊಡ್ಡ ರಸ್ತೇಲೇ ಹೋಗಿ."

"ಕಾರಣ ಹೇಳಿ ಮೊದ್ಲು!"

ಅವನು ಅವಳ ಹೆಗಲಾಚೆ ಎಲ್ಲೋ ನೋಡಿದ. ಆಮೇಲೆ ಬಗ್ಗಿ ಪುಸ್ತಕಗಳನ್ನು ಎತ್ತಿ, ಮಣ್ಣು ಒರೆಸಿ ಅವಳ ಕೈಗಿಟ್ಟ.

"ದಯವಿಟ್ಟು..."

ಕೆಲೆರಾ ಸಿಡುಕುತ್ತಲೇ ದೊಡ್ಡ ರಸ್ತೆ ಹಿಡಿದಳು. ಆದರೆ ಆ ಒಂದು ಮಾತು ಹಾಸ್ಟೆಲ್‌ವರೆಗೂ ಅವಳ ಜೊತೆಗೇ ಬಂತು!

ಅಂದಿನಿಂದ ಎಲ್ಲಿ ನೋಡಿದರೂ ಅವನೇ. ಕ್ಯಾಂಟೀನಿನ ಮುಂದೆ, ಲ್ಯಾಬಿನ ಮೆಟ್ಟಿಲ ಬಳಿ, ಬಸ್‌ಸ್ಟಾಪಿನಲ್ಲಿ... ಮಾತಿಲ್ಲ, ಕತೆಯಿಲ್ಲ. ಕಣ್ಣು ಸೇರಿದರೆ ಸಣ್ಣ ನಗು ಅಷ್ಟೇ.

"ಲೇ, ಆ ಕಡಾವು ದ್ವೀಪದ ಹುಡುಗ ಕಾಯ್ತಿರೋದು ಕ್ಯಾಂಪಸ್ಸನ್ನೋ, ನಿನ್ನನ್ನೋ?" ರೂಮಿನ ಗೆಳತಿ ಸೆರೆಯಾನಾ ಕಿಚಾಯಿಸಿದಳು.

"ಸುಮ್ನಿರೇ! ಅವರ ಕೆಲಸ ಅವರು ಮಾಡ್ತಿದಾರೆ."

ಹಾಗೆಂದವಳು ಕನ್ನಡಿಯ ಮುಂದೆ ಹೂವನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ ನಿಂತಿದ್ದಳು. ನನಗೇನಾಗಿದೆ? ಅವನು ಕಂಡರೆ ಧೈರ್ಯ. ಕಾಣದಿದ್ದರೆ ಕಸಿವಿಸಿ. ಅವನ ಬಗ್ಗೆ ನನಗೆ ಗೊತ್ತಿರುವುದಾದರೂ ಏನು?

ಮೂರನೇ ವಾರ ಗೇಟಿನ ಬಳಿ ಗುರುತಿನ ಚೀಟಿ ತೋರಿಸಲು ನಿಂತಾಗ ಕಾವಲುಗಾರರ ಕೋಣೆಯಲ್ಲಿ ಯಾರೂ ಇರಲಿಲ್ಲ. ಬೆಂಚಿನ ಮೇಲೆ ಇಸಿಕೆಲಿ ಯಾವಾಗಲೂ ಕೈಯಲ್ಲಿ ಹಿಡಿದಿರುತ್ತಿದ್ದ ನೋಟ್‌ಬುಕ್ ಬಿಚ್ಚಿಕೊಂಡು ಬಿದ್ದಿತ್ತು. ಬಲಗಡೆಯ ಪುಟದ ತುಂಬ ಒಂದೇ ಹೆಸರು.

ಕೆಲೆರಾ, ಲ್ಯಾಬ್, ಎರಡೂಕಾಲು. ಕೆಲೆರಾ, ಬಸ್‌ಸ್ಟಾಪ್, ನಾಲ್ಕೂವರೆ...

ಕೆಲೆರಾ ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಇಷ್ಟು ದಿನ ಯಾವುದನ್ನು ಅಕ್ಕರೆ ಎಂದುಕೊಂಡಿದ್ದೆನೋ, ಅದು ಇದಾ? ಆ ಪುಟದ ಫೋಟೋ ತೆಗೆದುಕೊಂಡು ನೇರವಾಗಿ ಸುರಕ್ಷತಾ ಕಚೇರಿಗೆ ನಡೆದಳು.

ಕಚೇರಿಯ ಮುಖ್ಯಸ್ಥೆ ವಿಕಾ ಮೇಡಂ ಕೂಡಲೇ ಅವನನ್ನು ಕರೆಸಿದರು.

"ಇದು ನಿನ್ನ ಅಕ್ಷರಾನಾ?"

"ಹೌದು ಮೇಡಂ."

"ಯಾಕೆ ಬರ್ದೆ?"

"ಅವರು ಹೊರಗೆ ಹೋಗ್ಲಿ, ಹೇಳ್ತೀನಿ."

"ಅವಳ ಬಗ್ಗೆ ಬರ್ದಿದ್ದನ್ನ ಅವಳ ಮುಂದೇನೇ ಹೇಳು!"

ಇಸಿಕೆಲಿ ಕೆಲೆರಾಳನ್ನು ನೋಡಿದ. ಬಾಯಿ ತೆರೆದ. ಮತ್ತೆ ಮುಚ್ಚಿದ. ಅಂದೇ ಅವನನ್ನು ಕೆಲಸದಿಂದ ದೂರವಿಟ್ಟರು.

ಅವನು ಹೋದ ಮೇಲೆ ನೆಮ್ಮದಿ ಬರಬೇಕಿತ್ತಲ್ಲವೇ? ಬರಲಿಲ್ಲ. ಸಿಟ್ಟು ಬಂದಾಗ ಅಳು ಬರುತ್ತಿತ್ತು. ಅಳುವಾಗ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ನಾಲ್ಕನೇ ದಿನ ಮಧ್ಯಾಹ್ನ ಬಸ್‌ಸ್ಟಾಪಿನಲ್ಲಿ ಬಿಳಿ ಕಾರೊಂದು ಅವಳ ಪಕ್ಕಕ್ಕೇ ಬಂದು ನಿಂತಿತು. ಗಾಜು ಇಳಿಯಿತು.

"ಕೆಲೆರಾ... ನಿನ್ನ ಕಾವಲುಗಾರ ಕಾಣ್ತಾನೇ ಇಲ್ಲ? ಬಾ, ಹತ್ತು."

ಯಾವತ್ತೂ ನೋಡದ ಮುಖ! ಕಾರಿನ ಬಾಗಿಲು ತೆರೆಯುವಷ್ಟರಲ್ಲಿ ಅವಳು ಓಡಿದ್ದಳು. ಗೇಟು ದಾಟಿ, ಕಿರುಚುತ್ತಾ, ಕಚೇರಿಯವರೆಗೂ ಓಡಿದಳು. ಕಾವಲುಗಾರರು ರಸ್ತೆಗೆ ಅಡ್ಡ ನಿಂತು ಕಾರು ತಡೆದರು. ಪೊಲೀಸರು ಬಂದು ಕಾರಿನವನನ್ನು ಹಿಡಿದೊಯ್ದರು.

ಕಾರಿನ ನಂಬರು ಕೇಳುತ್ತಿದ್ದಂತೆ ಅಂದಷ್ಟೇ ರಜೆಯಿಂದ ಮರಳಿದ್ದ ಕಾವಲುಗಾರರ ಮೇಲ್ವಿಚಾರಕರ ಮುಖ ಬಿಳಿಚಿತು. ಅವರೇ ಹೋಗಿ ಆ ನೋಟ್‌ಬುಕ್ ತಂದರು. ಕೆಲೆರಾ ಫೋಟೋ ತೆಗೆಯದ ಎಡಗಡೆಯ ಪುಟದಲ್ಲಿ ಅದೇ ನಂಬರು! ಆ ಕಾರು ಬಂದ ಹೊತ್ತು, ನಿಂತ ಜಾಗ, ಸಾಲು ಸಾಲಾಗಿ.

"ಇವಳನ್ನೇ ಕಾಯ್ತಾ ಕಾಲುದಾರಿ ಹತ್ರ ನಿಂತಿದ್ದ ಆ ಕಾರಿನವನನ್ನ ಮೊದ್ಲು ನೋಡಿದ್ದೇ ಇಸಿಕೆಲಿ," ಮೇಲ್ವಿಚಾರಕರು ತಲೆ ತಗ್ಗಿಸಿದರು. "ಇವಳ ಮೇಲೆ ಕಣ್ಣಿಟ್ಟಿರು, ಆದ್ರೆ ಖಾತ್ರಿ ಆಗೋವರೆಗೂ ಹುಡುಗೀನ ಹೆದರಿಸ್ಬೇಡ ಅಂದವನು ನಾನು."

ಕೆಲೆರಾ ಬಿಕ್ಕಿದಳು. "ನಾನು ಅವರ ಕೆಲಸ ಕಳೆದ್ನಲ್ಲ ಮೇಡಂ..."

"ಹೆದರಿಕೆ ಆಯ್ತು, ಬಂದು ಹೇಳ್ದೆ. ಸರಿಯಾಗೇ ಮಾಡ್ದೆ ಮಗಳೇ," ವಿಕಾ ಮೇಡಂ ಅವಳ ತಲೆ ಸವರಿದರು. "ನಿನಗೆ ಹೇಳದೇ ಇದ್ದದ್ದು ನಮ್ಮ ತಪ್ಪು. ಅವನನ್ನ ವಾಪಸ್ ಕರೀತೀವಿ."

ಶನಿವಾರ ಬೆಳಿಗ್ಗೆ ಸುವಾದ ಮಾರ್ಕೆಟ್ಟಿನಲ್ಲಿ ಇಸಿಕೆಲಿ ತನ್ನ ಸೋದರತ್ತೆ ಮಕೆಲೆಸಿಯ ಅಂಗಡಿಯಲ್ಲಿ ದಾಲೊ ಗೆಡ್ಡೆಗಳನ್ನು ಕಟ್ಟು ಕಟ್ಟುತ್ತಿದ್ದ. ಎದುರಿಗೆ ಕೆಲೆರಾ! ಹಗ್ಗ ಅವನ ಕೈಯಲ್ಲೇ ಉಳಿಯಿತು.

"ಕ್ಷಮೆ ಕೇಳೋಕೆ ಬಂದೆ," ಎಂದಳು. ಮರುಕ್ಷಣ ದನಿ ಏರಿತು. "ಜಗಳ ಆಡೋಕೂ ಬಂದೆ! ಅಪಾಯ ಇದ್ದದ್ದು ನನಗೆ. ನಿಮಗೆ ಗೊತ್ತು, ನಿಮ್ಮ ಮೇಲ್ವಿಚಾರಕರಿಗೆ ಗೊತ್ತು, ನನಗೇ ಗೊತ್ತಿಲ್ಲ!"

"ಹೇಳ್ಬೇಕಿತ್ತು..." ಅವನ ದನಿ ಇಳಿಯಿತು. "ನಿಮ್ಮ ನಗು ಹೋಗ್ಬಿಡುತ್ತೆ ಅಂತ ಹೆದರ್ದೆ. ತಪ್ಪು ನಂದೇ. ಇನ್ನೊಂದು ವಿಷಯ... ನಿಮ್ಮ ದೂರು ಪೂರ್ತಿ ಸುಳ್ಳೇನಲ್ಲ."

"ಅಂದ್ರೆ?"

"ಮೊದಲನೇ ವಾರ ನಿಂತಿದ್ದು ಡ್ಯೂಟಿಗೆ. ಆಮೇಲೆ ಆ ಕಾರು ಬರದ ದಿನಾನೂ ನಿಂತಿದ್ದೆ. ನಿಮ್ಮನ್ನ ನೋಡೋಕೆ."

ಕೆಲೆರಾಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಕೆನ್ನೆ ಮಾತ್ರ ಬಿಸಿಯಾಯಿತು.

"ಏ ಹುಡುಗಿ!" ಗೆಡ್ಡೆಗಳ ರಾಶಿಯ ಹಿಂದಿನಿಂದ ಮಕೆಲೆಸಿ ಕೂಗಿದಳು. "ದಾಲೊ ತಗೋತೀಯೋ, ನನ್ನ ಅಳಿಯನ್ನ ತಗೋತೀಯೋ? ಬೇಗ ಹೇಳು, ಗಿರಾಕಿಗಳು ನಿಂತಿದಾರೆ!"

ಸುತ್ತಲಿನ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಇಬ್ಬರೂ ಅಲ್ಲಿಂದ ತಪ್ಪಿಸಿಕೊಂಡು ಸಮುದ್ರದ ಕಟ್ಟೆಯವರೆಗೆ ಬಂದರು.

"ಕೆಲೆರಾ... ಒಂದು ಮಾತು ಕೇಳ್ಲಾ?"

"ಕೇಳಿ."

"ನಿಮ್ಮ ಕೈ ಹಿಡೀಬಹುದಾ? ಬೇಡ ಅಂದ್ರೆ ಇಲ್ಲೇ ನಿಲ್ತೀನಿ."

ಎಷ್ಟೋ ದಿನಗಳಿಂದ ಗೋಜಲಾಗಿದ್ದ ಅವಳ ಮನಸ್ಸು ತಟ್ಟನೆ ತಿಳಿಯಾಯಿತು.

"ನೀವು ಅನ್ನೋದು ಬಿಟ್ರೆ... ಹಿಡೀಬಹುದು."

"ನಿನ್ನ ಕೈ ಹಿಡೀಲಾ, ಕೆಲೆರಾ?"

"ಹಿಡ್ಕೋ," ಎಂದಳು ಅವಳು.